ಚಿತ್ರಕಾರ ಚಾರ್ಲ್ಸ್ ಶುಲ್ಜ್‌ರವರ ಚರಿತ್ರೆ

ಕ್ರಿಸ್ತ ಜಯಂತಿಯು ಸಮೀಪಿಸುತ್ತಲೇ ಉಡಿಗಾಲದಂಥ ಗ್ರಾಮಗಳ ಮನೆಗಳಲ್ಲಿಯೂ ಮಕ್ಕಳು ಟೆಲಿವಿಷನ್ನಿನ ಮುಂದೆ ಕುಳಿತು ಕಾರ್ಟೂನುಗಳನ್ನು ನೋಡುವುದುಂಟು. ಅವುಗಳಲ್ಲಿ ಕೆಂಪಂಗಿಯ ಮುದುಕನೂ ಉಡುಗೊರೆಗಳ ರಾಶಿಯೂ ಕಾಣುವವು. ನಡುನಡುವೆ ಆಟದ ಸಾಮಾನು, ಮಿಠಾಯಿಗಳ ಜಾಹೀರಾತುಗಳು ಬರುವವು. ಗೋದಲಿಯಲ್ಲಿ ಮಲಗಿದ ಶಿಶುವೋ ಅಪರೂಪ. ಇಂಥ ಕಾರ್ಟೂನಿನೊಳಗೇ ದೇವರ ವಾಕ್ಯಕ್ಕೆ ಸ್ಥಳಕೊಟ್ಟ ಒಬ್ಬರ ಚರಿತ್ರೆಯನ್ನು ಪ್ರಿಯ ವಾಚಕರಿಗೆ ತಿಳಿಸುತ್ತೇವೆ.

ಚಾರ್ಲ್ಸ್ ಶುಲ್ಜ್‌ರವರು 1922ನೆಯ ಇಸವಿ ನವೆಂಬರ್ 26ರಂದು ಅಮೆರಿಕಾ ದೇಶದ ಮಿನಿಯಾಪೊಲಿಸ್ ಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆಯು ಕ್ಷೌರದ ಅಂಗಡಿಯಿಟ್ಟು ಸಂಸಾರವನ್ನು ನಡಿಸುತ್ತಿದ್ದರು. 1943ರಲ್ಲಿ ಸೈನ್ಯದ ಕರೆ ಬಂದ ದಿನಗಳಲ್ಲಿಯೇ ತಾಯಿಯು ಕ್ಯಾನ್ಸರ್ ರೋಗದಿಂದ ತೀರಿಹೋದರು. ಯುದ್ಧ ಮುಗಿದು ಹಿಂದಿರುಗಿದ ಈ ಯೌವನಸ್ಥರು ಚರ್ಚ್ ಆಫ್ ಗಾಡ್ ಎಂಬ ಸಭೆಯ ಅನ್ಯೋನ್ಯತೆಯಲ್ಲಿ ಆದರಣೆ ಹೊಂದಿ, ಸತ್ಯವೇದವನ್ನು ಆಸಕ್ತಿಯಿಂದ ಓದತೊಡಗಿದರು. ಮುಂದೆ ಕ್ಯಾಲಿಫೋರ್ನಿಯಾ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಯೊಂದರ ಭಾನುವಾರದ ಶಾಲೆಯಲ್ಲಿ ದೊಡ್ಡವರಿಗೆ ಪಾಠ ಹೇಳಿದರು.

1950ನೆಯ ಅಕ್ಟೋಬರ್ 2ರಿಂದ ಇವರ ಪೀನಟ್ಸ್ ಎಂಬ ಚಿತ್ರಮಾಲೆಯು ವೃತ್ತಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿತು. ಅದರ ನಾಯಕನು ಚಾರ್ಲಿ ಬ್ರೌನ್ ಎಂಬ, ಹೆಜ್ಜೆಹೆಜ್ಜೆಗೂ ಸೋಲುವ ಸಾಧುಬಾಲಕನು.

1965ರಲ್ಲಿ ಈ ಬಾಲಕನ ಕ್ರಿಸ್ಮಸ್ ಕಥೆಯನ್ನು ಟೆಲಿವಿಷನ್ನಿಗಾಗಿ ಸಿದ್ಧಮಾಡುವ ಕೆಲಸವು ಶುಲ್ಜ್‌ರವರಿಗೆ ಬಂತು. ಇವರು ಬರೆದ ಕಥೆ ಹೀಗಿದೆ: ಹಬ್ಬ ಬಂದರೂ ಚಾರ್ಲಿಗೆ ಸಂತೋಷವಿಲ್ಲ. ಅವನ ತಂಗಿಗೆ ಉಡುಗೊರೆಗೆ ಬದಲಾಗಿ ಹಣವೇ ಬೇಕು. ಅವನ ನಾಯಿಯೂ ಬಹುಮಾನದ ಆಶೆಯಿಂದ ತನ್ನ ಗೂಡಿಗೆ ದೀಪಾಲಂಕಾರ ಮಾಡುತ್ತದೆ. ಎಲ್ಲರೂ ಥಳಥಳಿಸುವ ಲೋಹದ ಮರವನ್ನು ಬಯಸಲು, ಅವನು ಬಡಕಲಾದ ಒಂದು ನಿಜವಾದ ಗಿಡವನ್ನು ತಂದು ಹಾಸ್ಯಕ್ಕೆ ಗುರಿಯಾಗುತ್ತಾನೆ. ಹಬ್ಬದ ಅರ್ಥವನ್ನು ಬಲ್ಲವರು ಯಾರೂ ಇಲ್ಲವೇ ಎಂದು ಅವನು ಕೂಗಿದಾಗ, ಲೈನಸ್ ಎಂಬ ಗೆಳೆಯನು ಮುಂದೆ ಬಂದು, ಕುರುಬರಿಗೆ ದೇವದೂತನು ಸಾರಿದ ಶುಭವಾರ್ತೆಯನ್ನು ಲೂಕನ ಸುವಾರ್ತೆಯ 2ನೆಯ ಅಧ್ಯಾಯದಿಂದ ಬಾಯಿಪಾಠವಾಗಿ ಹೇಳುತ್ತಾನೆ.

ಕಾರ್ಟೂನಿನಲ್ಲಿ ವೇದವಾಕ್ಯವು ಸಲ್ಲದೆಂದು ಜೊತೆಗಾರರು ಅಂಜಿದರು. ಶುಲ್ಜ್‌ರವರೋ, ನಾವು ಮಾಡದಿದ್ದರೆ ಮತ್ತಾರು ಮಾಡುವರೆಂಬ ಭಾವದಿಂದ ಪಟ್ಟುಬಿಡಲಿಲ್ಲ. ಪ್ರಸಾರ ಮಾಡತಕ್ಕ ಸಂಸ್ಥೆಯ ಅಧಿಕಾರಿಗಳಿಗೂ ಅದು ರುಚಿಸಲಿಲ್ಲ. ಆದರೆ ಡಿಸೆಂಬರ್ 9ರ ರಾತ್ರಿ ಅಮೆರಿಕಾದಲ್ಲಿ ಟೆಲಿವಿಷನ್ ನೋಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರು ಅದನ್ನು ನೋಡಿದರು. ಎಮ್ಮಿ ಎಂಬ ದೊಡ್ಡ ಪ್ರಶಸ್ತಿಯೂ ಅದಕ್ಕೆ ದೊರೆಯಿತು.

ಇನ್ನೊಂದು ಸಂಗತಿಯನ್ನು ನಾವು ಮರೆಮಾಡಲಾರೆವು. ವ್ಯಾಪಾರದ ಹಬ್ಬವನ್ನು ಖಂಡಿಸಿದ ಆ ಚಿತ್ರದ ಖರ್ಚನ್ನು ಕೊಟ್ಟದ್ದು ಕೋಕಾಕೋಲಾ ಪಾನೀಯದ ಕಂಪನಿಯೇ. ಶುಲ್ಜ್‌ರವರ ಚಿತ್ರಗಳೂ ಬೊಂಬೆ, ಬಟ್ಟೆ ಮೊದಲಾದ ಅನೇಕ ಸರಕುಗಳ ಮೇಲೇರಿ ಅವರಿಗೆ ಅಪಾರ ಐಶ್ವರ್ಯವನ್ನು ತಂದವು. ಕೊನೆಯ ವರ್ಷಗಳಲ್ಲಿ ಅವರು ಸಭಾಕೂಟಗಳಿಂದ ದೂರವಾಗಿದ್ದರು. ಹೃದಯವನ್ನು ಶೋಧಿಸುವವನು ದೇವರೊಬ್ಬನೇ. 2000ನೆಯ ಇಸವಿ ಫೆಬ್ರವರಿ 12ರ ರಾತ್ರಿ ಅವರು ತೀರಿಹೋದರು. ಅವರ ಕಡೇ ಭಾನುವಾರದ ಚಿತ್ರವು ಮರುದಿನವೇ ಪ್ರಕಟವಾಯಿತು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಎಲ್ಲರೂ ಅಂಜಿದಾಗ ವಾಕ್ಯಕ್ಕೆ ಸ್ಥಳಕೊಟ್ಟ ಆ ಧೈರ್ಯವು ನಮಗೂ ಬೇಕು. ಆದರೆ ಟೆಲಿವಿಷನ್ನಿನಲ್ಲಿ ಒಳ್ಳೆಯ ಕಥೆ ಬಂದರೂ ಅದರ ಪಕ್ಕದಲ್ಲಿ ಮಾರುವವನು ನಿಂತೇ ಇರುತ್ತಾನೆ. ಕಾರ್ಟೂನಿನಲ್ಲಿ ಕಂಡದ್ದನ್ನೆಲ್ಲಾ ಮಕ್ಕಳು ಕೇಳುವರು. ತಂದೆತಾಯಿಗಳು ಸಾಲ ಮಾಡಿ ತಂದುಕೊಡುವರು. ಹಬ್ಬ ಮುಗಿಯುವದು, ಬಡ್ಡಿಯು ಸುಗ್ಗಿಯ ತನಕ ಬೆಳೆಯುವದು. ದನದ ಕೊಟ್ಟಿಗೆಯ ಬಡತನದಲ್ಲಿ ಹುಟ್ಟಿದ ಕರ್ತನು ಇದನ್ನು ನಮ್ಮಿಂದ ಕೇಳಲಿಲ್ಲ. ಆದಕಾರಣ ಈ ಹಬ್ಬದ ರಾತ್ರಿ ಟೆಲಿವಿಷನ್ನನ್ನು ಸ್ವಲ್ಪ ಹೊತ್ತು ಆರಿಸಿ, ಮಕ್ಕಳನ್ನು ಕೂರಿಸಿಕೊಂಡು, ಲೂಕನ ಆ ಅಧ್ಯಾಯವನ್ನು ನಮ್ಮ ಬಾಯಿಂದಲೇ ಓದಿ ಹೇಳೋಣ. ಓದು ಬಾರದ ತಾಯಿಗೆ ಮಗುವೇ ಓದಿ ಹೇಳಲಿ. ಲೈನಸನ ಕೆಲಸವನ್ನು ನಮ್ಮ ಮನೆಯ ಮಗುವು ಮಾಡುವದಾದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೇನುಂಟು?