ಅಣ್ಣಾವ್ರ ಮುಖ ಮತ್ತು ಅಂಗಡಿಯ ಬೋರ್ಡು

ಏಪ್ರಿಲ್ ಬಂತೆಂದರೆ ಹೊಸೂರು, ಬಾಗಲೂರು, ಡೆಂಕಣಿಕೋಟೆ ಕಡೆಯ ಸದಸ್ಯರಿಗೆ ಡಾ. ರಾಜ್‌ಕುಮಾರ್ ನೆನಪಾಗುತ್ತಾರೆ. 12 ಅವರು ತೀರಿಕೊಂಡ ದಿನ, 24 ಹುಟ್ಟಿದ ದಿನ. ಬ್ಯಾನರಿಗೆ ಪ್ರಾಯೋಜಕರನ್ನು ಹುಡುಕುವುದೂ ಆಗಲೇ. ಆದ್ದರಿಂದ ಈ ಸಲ ಅವರ ಬದುಕನ್ನು ಆ ಬ್ಯಾನರಿನ ಕಡೆಯಿಂದಲೇ ನೋಡೋಣ ಅನ್ನಿಸಿತು.

ಅವರು ನಮ್ಮ ಹಾಗೆಯೇ ಗಡಿಯವರು. 1929ರಲ್ಲಿ ಅವರು ಹುಟ್ಟಿದ ಗಾಜನೂರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಎರಡೂ ಮದ್ರಾಸಿನಲ್ಲೇ ಉಳಿದವು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟರು. ಮಗನಿಗೆ ಮುತ್ತತ್ತಿರಾಯನ ಹೆಸರಿನಲ್ಲಿ ಮುತ್ತುರಾಜ್ ಎಂದು ಹೆಸರಿಟ್ಟರು. ಶಾಲೆ ಬೇಗ ಬಿಟ್ಟುಹೋಯಿತು. ಪಾಠವೆಲ್ಲ ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳಲ್ಲಿ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನಾಗಿ ಬಂದವರು, 2000ದ ‘ಶಬ್ದವೇಧಿ’ವರೆಗೆ ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದರು. ತೆಲುಗಿನ ಒಂದನ್ನು ಬಿಟ್ಟರೆ ಎಲ್ಲವೂ ಕನ್ನಡವೇ.

ಪ್ರಶಸ್ತಿಗಳ ಪಟ್ಟಿ ಎಲ್ಲರಿಗೂ ಗೊತ್ತು. ಜನ ಅವರನ್ನು ನಂಬುತ್ತಿದ್ದ ಬಗೆ ಅದಕ್ಕಿಂತ ದೊಡ್ಡದು. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರ ಕತೆಯನ್ನು ಇಂದಿಗೂ ಹೇಳುತ್ತಾರೆ. ಇಂಥ ಮುಖ ಒಂದು ಸೋಪಿನ ಮೇಲೋ ಹಲ್ಲುಪುಡಿಯ ಡಬ್ಬದ ಮೇಲೋ ಬಂದರೆ ಎಷ್ಟು ಮಾರಾಟವಾದೀತು, ಲೆಕ್ಕ ಹಾಕಿ! ಅಣ್ಣಾವ್ರು ಆ ಮುಖವನ್ನು ಕೊಟ್ಟಿದ್ದು ಒಂದಕ್ಕೇ. ರೈತರ ಸಹಕಾರ ಸಂಘಗಳ ನಂದಿನಿ ಹಾಲಿಗೆ. ಅದಕ್ಕೂ ಸಂಭಾವನೆ ಪಡೆಯಲಿಲ್ಲ. ಮುಂದೆ ಮಗ ಪುನೀತ್ ಕೂಡ ನಂದಿನಿಗೆ ಹಾಗೆಯೇ ನಿಂತರು. ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದ ಮನುಷ್ಯ ಆ ದೇವರ ಮುಂದೆ ಸರಕು ಇಟ್ಟು ಕೂರಲು ಒಪ್ಪಲಿಲ್ಲ ಎಂದೇ ನಾವು ತಿಳಿದಿದ್ದೇವೆ.

2000ದ ಜುಲೈ 30ರ ರಾತ್ರಿ ಅದೇ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಎತ್ತಿಕೊಂಡು ಹೋದ. ಬಿಡುಗಡೆಯಾಗಲು 108 ದಿನ ಬೇಕಾಯಿತು. ಗಡಿಯ ಎರಡೂ ಕಡೆ ಇರುವ ನಮ್ಮಂಥವರಿಗೆ ಆ ದಿನಗಳು ಹೇಗಿದ್ದವೆಂದು ಹಿರಿಯ ಸದಸ್ಯರನ್ನು ಕೇಳಿ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡರು. ಕಣ್ಣುಗಳನ್ನೂ ದಾನ ಮಾಡಿಹೋದರು.

ಈಗ ಬ್ಯಾನರಿನ ವಿಷಯ. ‘ಮಯೂರ’ನ ಕಿರೀಟದ ಚಿತ್ರ, ಕೆಳಗೆ ಒಡವೆ ಅಂಗಡಿಯ ಹೆಸರು. ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ದೃಶ್ಯ ಚಿತ್ರದ ಹಕ್ಕುದಾರರದ್ದು. ನಮ್ಮ ದೇಶದಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ‘ಬೇಡರ ಕಣ್ಣಪ್ಪ’ನ ಅವಧಿ 2014ಕ್ಕೆ ಮುಗಿಯಿತು. ‘ಬಂಗಾರದ ಮನುಷ್ಯ’ನಿಗೆ 2032ರವರೆಗೆ, 1975ರ ‘ಮಯೂರ’ನಿಗೆ 2035ರವರೆಗೆ ಇದೆ. ಹಾಡಿನ ಸಾಹಿತ್ಯದ ಲೆಕ್ಕ ಬೇರೆ. ಬರೆದವರು ತೀರಿಕೊಂಡ ಮೇಲೆ 60 ವರ್ಷ. ಚಿ. ಉದಯಶಂಕರ್ 1993ರಲ್ಲಿ ತೀರಿಕೊಂಡರು, ಅವರ ಸಾಲು ಜಾಹೀರಾತಿಗೆ ಬೇಕಿದ್ದರೆ 2053ರವರೆಗೆ ಕೇಳಬೇಕು. ಧ್ವನಿಮುದ್ರಣಕ್ಕೆ ಮತ್ತೊಂದು ಅನುಮತಿ.

ಮುಖದ ಮಾತು ಇನ್ನೂ ತೊಡಕಿನದು. ಹಿರಿಯರ ಊರು ನಮ್ಮ ಕೃಷ್ಣಗಿರಿ ಜಿಲ್ಲೆಯ ನಾಚಿಕುಪ್ಪಂ ಆಗಿರುವ ರಜನಿಕಾಂತ್, ತಮ್ಮ ಹೆಸರು ಮತ್ತು ಶೈಲಿ ಬಳಸಿದ ಒಂದು ಚಿತ್ರದ ವಿರುದ್ಧ 2015ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದರು. ಜಯಲಲಿತಾ ಕುರಿತ ಚಿತ್ರದ ಮೊಕದ್ದಮೆಯಲ್ಲಿ ಅದೇ ಹೈಕೋರ್ಟು 2021ರಲ್ಲಿ, ಒಬ್ಬರು ಬದುಕಿನಲ್ಲಿ ಗಳಿಸಿದ ಖಾಸಗಿತನ ಮತ್ತು ಕೀರ್ತಿಯ ಹಕ್ಕು ಅವರೊಂದಿಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದಿತು. ಹಾಗೆ ನೋಡಿದರೆ ಅಣ್ಣಾವ್ರ ಮುಖಕ್ಕೆ ಕಾನೂನಿನ ಕಾವಲು ತೆಳ್ಳಗಿದೆ. ಆದರೆ ಅವರು ಬದುಕಿದ್ದಾಗ ಬೇಡವೆಂದದ್ದನ್ನು, ಇಲ್ಲವಾದ ಮೇಲೆ ಅವರ ಅಭಿಮಾನಿಗಳೇ ಮಾಡುವುದು ನಮಗೆ ಸರಿಕಾಣದು.

ಆದ್ದರಿಂದ ಈ ವರ್ಷ ಸಂಘದ ಬ್ಯಾನರಿನಲ್ಲಿ ಮಕ್ಕಳು ಬಿಡಿಸಿದ ರಾಜ್ ಚಿತ್ರವೊಂದೇ ಇರುತ್ತದೆ. ಪ್ರಾಯೋಜಕರ ಹೆಸರುಗಳು ಪ್ರತ್ಯೇಕ ಫಲಕದಲ್ಲಿ ಬರುತ್ತವೆ. ಊರೂರಿನ ಶಾಖೆಯವರು ತಮ್ಮದೇ ಬ್ಯಾನರ್ ಮಾಡಿಸುವುದಾದರೆ ಮುದ್ರಣಕ್ಕೆ ಕೊಡುವ ಮೊದಲು ಕರಡನ್ನು ಒಮ್ಮೆ ನಮಗೆ ಕಳುಹಿಸಿ.