ಮಣ್ಣಿನ ರೊಟ್ಟಿ, ಕೋಲಿನ ಕುದುರೆ: ಅಂಗಳದಲ್ಲಿ ಶಾಲೆ ತೆರೆದ ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಪದ ಕೇಳದ ಕನ್ನಡಿಗರು ಇರಲಾರರು. ಕರಾವಳಿಯಿಂದ ಬಯಲುಸೀಮೆಯವರೆಗೆ ಕರ್ನಾಟಕದ ಯಾವ ಊರಿಗೆ ಹೋದರೂ ಅದರ ಫಲಕ ಕಣ್ಣಿಗೆ ಬೀಳುತ್ತದೆ. ಆದರೆ ಈ ಹೆಸರಿನ ಹಾಗೂ ಅದರ ಹಿಂದಿನ ಕಲ್ಪನೆಯ ಬೇರು ಇರುವುದು ಮುಂಬಯಿಗೆ ಸಮೀಪದಲ್ಲೇ, ಪಶ್ಚಿಮ ರೈಲ್ವೆಯ ಡಹಾಣು ರೋಡ್ ದಾಟಿದರೆ ಸಿಗುವ ಬೋರ್ಡಿ ಎಂಬ ಕಡಲತೀರದ ಹಳ್ಳಿಯಲ್ಲಿ. ಪುಟ್ಟ ಮಕ್ಕಳ ಆಟವೇ ಅವರ ಮೊದಲ ಪಾಠ ಎಂದು ನಂಬಿ, ಆ ನಂಬಿಕೆಯನ್ನು ಬಡವರ ಅಂಗಳಕ್ಕೆ ಒಯ್ಯಲು ನಗರದ ಅನುಕೂಲಗಳನ್ನು ಬಿಟ್ಟು ಅಲ್ಲಿಗೆ ಹೋದವರು ತಾರಾಬಾಯಿ ಮೋಡಕ್. 1962ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದ ಈ ಶಿಕ್ಷಣ ತಜ್ಞೆ ನಮ್ಮನ್ನಗಲಿ ಅರ್ಧ ಶತಮಾನ ಕಳೆದಿದ್ದರೂ, ಅವರ ಕೆಲಸವನ್ನು ನೆನೆಯಲು ಇಂದಿನ ತಂದೆತಾಯಂದಿರಿಗೆ ಕಾರಣಗಳು ಸಾಕಷ್ಟಿವೆ.

ಮುಂಬಯಿಯಿಂದ ಭಾವನಗರಕ್ಕೆ

ತಾರಾಬಾಯಿ ಜನಿಸಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತವರಿನ ಮನೆತನದ ಹೆಸರು ಕೇಳ್ಕರ್. ಪ್ರಾರ್ಥನಾ ಸಮಾಜದ ಸುಧಾರಣಾ ವಿಚಾರಗಳಿಗೆ ತೆರೆದುಕೊಂಡಿದ್ದ ಆ ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿಯಿರಲಿಲ್ಲ. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ, 1914ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದರು. ಅಮರಾವತಿಯ ವಕೀಲ ಮೋಡಕ್ ಅವರೊಂದಿಗೆ ವಿವಾಹವಾದರೂ ಆ ದಾಂಪತ್ಯ ಹೆಚ್ಚು ಕಾಲ ಉಳಿಯಲಿಲ್ಲ. 1921ರಲ್ಲಿ ಅವರು ಪತಿಯಿಂದ ಬೇರೆಯಾದರು. ಮುಂದೆ ರಾಜಕೋಟದ ಮಹಿಳಾ ಕಾಲೇಜೊಂದರ ಪ್ರಾಂಶುಪಾಲೆಯಾಗಿ ಹೊಣೆ ಹೊತ್ತು, ಸ್ವಂತ ಕಾಲ ಮೇಲೆ ನಿಂತರು.

ರಾಜಕೋಟದಿಂದ ಭಾವನಗರ ದೂರವೇನಲ್ಲ. ಅಲ್ಲಿನ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರ ತೆರೆದಿದ್ದ ಗಿಜುಭಾಯಿ ಬಧೇಕಾ ಅವರ ಪ್ರಯೋಗಗಳು ತಾರಾಬಾಯಿಯವರನ್ನು ಸೆಳೆದವು. ಗಿಜುಭಾಯಿ ವಕೀಲಿ ವೃತ್ತಿ ಮಾಡುತ್ತಿದ್ದವರು. ಸ್ವಂತ ಮಗನನ್ನು ಎಂತಹ ಶಾಲೆಗೆ ಕಳುಹಿಸಬೇಕೆಂಬ ಚಿಂತೆ ಅವರನ್ನು ಕೋರ್ಟಿನಿಂದ ಶಿಶುಶಿಕ್ಷಣಕ್ಕೆ ತಂದಿತ್ತು. ಮಕ್ಕಳೊಂದಿಗೆ ಮಕ್ಕಳಾಗುತ್ತಿದ್ದ ಅವರನ್ನು ಗುಜರಾತಿನ ಜನ ಮೀಸೆ ಹೊತ್ತ ತಾಯಿ ಎಂದೇ ಪ್ರೀತಿಯಿಂದ ಕರೆಯುತ್ತಿದ್ದರು. ಕಾಲೇಜಿನ ಉನ್ನತ ಹುದ್ದೆಯನ್ನು ಬಿಟ್ಟು ತಾರಾಬಾಯಿ ಈ ಬಾಲಮಂದಿರವನ್ನು ಸೇರಿದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಶಿಕ್ಷಣ ಪತ್ರಿಕೆಯ ಮೂಲಕ ತಂದೆತಾಯಂದಿರಿಗೂ ಶಿಕ್ಷಕರಿಗೂ ಹೊಸ ವಿಚಾರಗಳನ್ನು ತಲುಪಿಸುವ ಕಾರ್ಯದಲ್ಲಿಯೂ ತಾರಾಬಾಯಿ ಶ್ರಮಿಸಿದರು.

ಆಟಕ್ಕೆ ಶಾಲೆಯಲ್ಲಿ ಸ್ಥಾನ

ಭಾವನಗರದ ಬಾಲಮಂದಿರಕ್ಕೆ ಸ್ಫೂರ್ತಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ. 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಅವರು, ಮಗು ತನ್ನ ಕೈಯಿಂದ ಮಾಡಿ ಕಲಿಯುತ್ತದೆ, ಬೆತ್ತವೂ ಬೇಡ ಬಹುಮಾನವೂ ಬೇಡ ಎಂಬುದನ್ನು ಜಗತ್ತಿಗೆ ತೋರಿಸಿದವರು. ಆದರೆ ಒಂದು ವಿಷಯದಲ್ಲಿ ಅವರ ನಿಲುವು ಬಿಗಿಯಾಗಿತ್ತು. ನಿಜವಾದ ಕೆಲಸ ದೊರೆತರೆ ಮಗು ಆಟಿಕೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಕಂಡುಕೊಂಡ ಅವರು, ತೀರಾ ಚಿಕ್ಕ ಮಕ್ಕಳಿಗೆ ಕಿನ್ನರ ಕಥೆಗಳನ್ನೂ ಕಲ್ಪನೆಯ ಆಟಗಳನ್ನೂ ಹೆಚ್ಚಾಗಿ ಪ್ರೋತ್ಸಾಹಿಸಲಿಲ್ಲ.

ಗಿಜುಭಾಯಿ ಮತ್ತು ತಾರಾಬಾಯಿ ಮಾಂಟೆಸ್ಸೊರಿಯವರ ಮೂಲ ತತ್ವವನ್ನು ಒಪ್ಪಿಕೊಂಡರೂ ಈ ಬಿಗಿಯನ್ನು ಒಪ್ಪಲಿಲ್ಲ. ಅಜ್ಜಿ ಕಥೆ, ಹಾಡು, ಕುಣಿತಗಳ ನಡುವೆಯೇ ಬೆಳೆಯುವ ಇಲ್ಲಿನ ಮಗುವಿನಿಂದ ಅವುಗಳನ್ನು ಕಿತ್ತುಕೊಳ್ಳುವುದು ಅವರಿಗೆ ಸರಿಯೆನಿಸಲಿಲ್ಲ. ಹೀಗಾಗಿ ಬಾಲಮಂದಿರದಲ್ಲಿ ಕಥೆಗೂ ನಾಟಕಕ್ಕೂ ಹಾಡಿಗೂ ದಿನಚರಿಯಲ್ಲೇ ಜಾಗ ದೊರೆಯಿತು. ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡಯಾರ್‌ಗೆ ಬಂದಿಳಿಯುವ ವೇಳೆಗೆ ಭಾರತದಲ್ಲಿ ಈ ಕೆಲಸ ಸುಮಾರು ಎರಡು ದಶಕಗಳ ಹಾದಿ ಸವೆಸಿತ್ತು ಎಂಬುದು ಗಮನಾರ್ಹ. ಗಿಜುಭಾಯಿ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು.

ದಾದರ್‌ನಿಂದ ಬೋರ್ಡಿಗೆ

ಅದಕ್ಕೂ ಮೊದಲೇ ಮುಂಬಯಿಗೆ ಮರಳಿದ್ದ ತಾರಾಬಾಯಿ, 1936ರಲ್ಲಿ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು. ಅಲ್ಲಿಗೆ ಬರುತ್ತಿದ್ದವರು ಬಹುತೇಕ ಅನುಕೂಲಸ್ಥರ ಹಾಗೂ ಮಧ್ಯಮ ವರ್ಗದವರ ಮಕ್ಕಳು. ಮಾಂಟೆಸ್ಸೊರಿ ಪದ್ಧತಿಯ ಸಾಧನಗಳು ದುಬಾರಿ. ನಯವಾಗಿ ಕೆತ್ತಿದ ಮರದ ದಿಮ್ಮಿಗಳನ್ನೂ ಅಳತೆಯ ಪಟ್ಟಿಗಳನ್ನೂ ಕೊಳ್ಳುವ ಶಕ್ತಿ ಹಳ್ಳಿಯ ಶಾಲೆಗಳಿಗೆ ಇರಲಿಲ್ಲ. 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸೊರಿಯವರನ್ನು ಕಂಡಾಗ ಗಾಂಧೀಜಿ, ಈ ಶಿಕ್ಷಣ ಬಡವರ ಮಕ್ಕಳಿಗೂ ದೊರಕಬೇಕೆಂಬ ಆಸೆಯನ್ನು ವ್ಯಕ್ತಪಡಿಸಿದ್ದರು. ತಾರಾಬಾಯಿಯವರನ್ನು ಕಾಡಿದ್ದೂ ಇದೇ ಪ್ರಶ್ನೆ.

1945ರಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಅವರು ಅಂದಿನ ಥಾಣೆ ಜಿಲ್ಲೆಯ (2014ರಿಂದ ಪಾಲ್ಘರ್ ಜಿಲ್ಲೆ) ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಎಳವೆಯಲ್ಲೇ ವಿಧವೆಯಾಗಿ, ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅದೇ ವರ್ಷ ಅವರ ಜೊತೆಗೂಡಿದರು. ಮುಂದಿನ 28 ವರ್ಷಗಳ ಕಾಲ ಈ ಗುರುಶಿಷ್ಯೆಯರ ಜೋಡಿ ಬೇರ್ಪಡಲಿಲ್ಲ.

ಬಾಲವಾಡಿಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಕೂಲಿಗೆ ಹೋಗುವ ತಾಯಂದಿರಿಗೆ ಮಗುವನ್ನು ಸ್ನಾನ ಮಾಡಿಸಿ ಕಳುಹಿಸಲು ಬಿಡುವಿರಲಿಲ್ಲ. ಅಸ್ಪೃಶ್ಯತೆಯ ನೋವುಂಡ ಕೇರಿಯವರಿಗೆ ಊರಿನ ಮಧ್ಯದ ಶಾಲೆಗೆ ಮಕ್ಕಳನ್ನು ಕಳುಹಿಸಲು ಧೈರ್ಯವಿರಲಿಲ್ಲ. ಆಗ ತಾರಾಬಾಯಿ ಮತ್ತು ಅನುತಾಯಿ ತಾವೇ ಕೇರಿಗೆ ನಡೆದರು. ಮನೆಯ ಮುಂದಿನ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಸೇರಿಸಿ, ಮೈ ತೊಳೆದು, ತಲೆ ಬಾಚಿ, ಹಾಡು ಆಟಗಳೊಂದಿಗೆ ದಿನ ಆರಂಭಿಸಿದರು. ಮರಾಠಿಯಲ್ಲಿ ಅಂಗಣ ಎಂದರೆ ಅಂಗಳ. ಊರಿನ ಕೇಂದ್ರ ಬಾಲವಾಡಿಗಿಂತ ಬೇರೆಯಾದ ಈ ಅಂಗಳದ ಬಾಲವಾಡಿಯೇ ಅಂಗನವಾಡಿ ಎನಿಸಿತು.

ಚಿಪ್ಪು, ಬೀಜ, ಎಲೆಗಳೇ ಸಾಧನ

ದುಬಾರಿ ಸಾಧನಗಳಿಗೆ ಬದಲಾಗಿ ಕಡಲತೀರದ ಚಿಪ್ಪು, ಹಳ್ಳದ ಬೆಣಚುಕಲ್ಲು, ಕಾಡಿನ ಬೀಜ, ಎಲೆ, ಹೂವು, ಬಿದಿರು, ಜೇಡಿಮಣ್ಣು ಬಂದವು. ಖರ್ಚು ಉಳಿಯಿತು ಎಂಬುದಷ್ಟೇ ಇದರ ಲಾಭವಲ್ಲ. ಅಳತೆಯ ದಿಮ್ಮಿಗೆ ಒಂದೇ ನಿಗದಿತ ಉಪಯೋಗ. ಚಿಪ್ಪಾದರೋ ಮಗುವಿನ ಕೈಯಲ್ಲಿ ಗಳಿಗೆಗೊಂದು ರೂಪ ತಾಳುತ್ತದೆ. ಈಗ ಅದು ಅನ್ನದ ತಟ್ಟೆ, ಮರುಕ್ಷಣ ದೋಣಿ, ಅನಂತರ ಮಾರಾಟಕ್ಕಿಟ್ಟ ಮೀನು.

ಎರಡರಿಂದ ನಾಲ್ಕು ವರ್ಷದ ಮಕ್ಕಳ ಇಂತಹ ನಟನೆಯಾಟದಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಎಂಬುದು ಇಂದು ಚೆನ್ನಾಗಿ ತಿಳಿದ ವಿಷಯ. ಬೆಕ್ಕಾಗಿ ಅಂಬೆಗಾಲಿಡುವಾಗ ಭುಜ, ತೋಳುಗಳಿಗೆ ಬಲ ಬರುತ್ತದೆ. ಕಪ್ಪೆಯಾಗಿ ಕುಪ್ಪಳಿಸಲು ಎರಡೂ ಮೊಣಕಾಲು ಒಟ್ಟಿಗೆ ಮಡಿಸಿ ಜಿಗಿದು ಬೀಳದಂತೆ ಇಳಿಯಬೇಕು. ಕೊಕ್ಕರೆಯಾಗಿ ಒಂಟಿಕಾಲಲ್ಲಿ ನಿಲ್ಲುವುದೆಂದರೆ ದೇಹದ ಸಮತೋಲನದ ಅಭ್ಯಾಸ. ಮಣ್ಣು ಕಲಸಿ ರೊಟ್ಟಿ ತಟ್ಟುವ ಅಂಗೈಯೂ ಬೀಜ ಹೆಕ್ಕುವ ಬೆರಳೂ ಮುಂದೆ ಪೆನ್ಸಿಲ್ ಹಿಡಿಯಲು ಸಿದ್ಧವಾಗುತ್ತವೆ. ಮೀನು ಮಾರುವ ಆಟದಲ್ಲಿ ಎಣಿಕೆಯಿದೆ, ಹೆಚ್ಚು ಕಡಿಮೆಯ ಲೆಕ್ಕವಿದೆ, ಚೌಕಾಸಿಯ ಮಾತಿದೆ, ತನ್ನ ಸರದಿಗೆ ಕಾಯುವ ತಾಳ್ಮೆಯೂ ಇದೆ.

ಇನ್ನೊಂದು ಆಳವಾದ ಲಾಭವನ್ನು ರಷ್ಯಾದ ಮನೋವಿಜ್ಞಾನಿ ವೈಗೋಟ್ಸ್ಕಿ 1930ರ ದಶಕದಲ್ಲಿ ಕೋಲಿನ ಕುದುರೆಯ ಉದಾಹರಣೆಯಿಂದ ವಿವರಿಸಿದ್ದರು. ಕೋಲನ್ನು ಕುದುರೆಯೆಂದು ಕಾಣುವ ಮಗು, ಕಣ್ಣೆದುರಿನ ವಸ್ತುವನ್ನೂ ಮನಸ್ಸಿನ ಅರ್ಥವನ್ನೂ ಬೇರೆ ಮಾಡಲು ಕಲಿಯುತ್ತದೆ. ಒಂದು ಗೆರೆ ಅಕ್ಷರವಾಗುವುದು, ಒಂದು ಗುರುತು ಸಂಖ್ಯೆಯಾಗುವುದು ಇದೇ ಸಾಮರ್ಥ್ಯದ ಮುಂದಿನ ಹೆಜ್ಜೆ.

ಕೋಸಬಾಡ ಗುಡ್ಡದಲ್ಲಿ

1950ರ ದಶಕದ ಕೊನೆಯ ವೇಳೆಗೆ ತಾರಾಬಾಯಿ ತಮ್ಮ ಕಾರ್ಯವನ್ನು ಸಮೀಪದ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ, ವಿಸ್ತರಿಸಿದರು. ಅಲ್ಲಿ ಹೊಸ ತೊಡಕು ಎದುರಾಯಿತು. ಶಾಲೆಗೆ ಬರಬೇಕಾದ ಮಕ್ಕಳ ಕಂಕುಳಲ್ಲಿ ಪುಟ್ಟ ತಮ್ಮ ತಂಗಿಯರಿದ್ದರು. ಕೂಸನ್ನು ಬಿಟ್ಟು ಬನ್ನಿ ಎನ್ನುವ ಬದಲು ತಾರಾಬಾಯಿ ಕೂಸಿಗೂ ಜಾಗ ಮಾಡಿದರು. ತೊಟ್ಟಿಲ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದ ಈ ವ್ಯವಸ್ಥೆಗೆ ವಿಕಾಸವಾಡಿ ಎಂಬ ಹೆಸರಾಯಿತು. ದನ ಕಾಯುವ ಮಕ್ಕಳಿಗಾಗಿ ಶಿಕ್ಷಕರೇ ಹುಲ್ಲುಗಾವಲಿಗೆ ಹೋಗುವ ಶಾಲೆಯೂ ನಡೆಯಿತು. ದುಡಿಯುವವರಿಗಾಗಿ ನಡೆದ ರಾತ್ರಿ ಶಾಲೆಗಳನ್ನು ಬಲ್ಲ ಮುಂಬಯಿ ಕನ್ನಡಿಗರಿಗೆ, ಓದುವವನ ಬಿಡುವಿಗೆ ಶಾಲೆ ಹೊಂದಿಕೊಳ್ಳಬೇಕೆಂಬ ಈ ತತ್ವ ಅಪರಿಚಿತವಲ್ಲ.

1973ರಲ್ಲಿ ತಾರಾಬಾಯಿ ಕೊನೆಯುಸಿರೆಳೆದರು. ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಕರ್ನಾಟಕದಲ್ಲಿ ಯೋಜನೆ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಹೀಗೆ ಬೋರ್ಡಿಯ ಅಂಗಳ ಕಾವೇರಿ ತೀರವನ್ನೂ ತಲುಪಿತು. ಅನುತಾಯಿ 1992ರಲ್ಲಿ ತೀರಿಕೊಳ್ಳುವವರೆಗೂ ಗುರುವಿನ ಕಾರ್ಯವನ್ನು ಮುಂದುವರಿಸಿದರು.

ಸಂಘಗಳ ವೇದಿಕೆಯಲ್ಲೊಂದು ಆಟದ ಮೂಲೆ

ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಕೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದರೂ ಎರಡೂವರೆ ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಅವಸರ ನಗರದ ಮನೆಗಳಲ್ಲಿ ಕಡಿಮೆಯಾಗಿಲ್ಲ. ಮಣ್ಣು ಮುಟ್ಟುವ ಅಂಗಳವೂ ಇಲ್ಲ.

ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಪುಟಾಣಿಗಳ ಛದ್ಮವೇಷ ಸ್ಪರ್ಧೆ ತಪ್ಪುವುದಿಲ್ಲ. ಕಿತ್ತೂರು ಚೆನ್ನಮ್ಮನಾಗಿ, ವಿವೇಕಾನಂದರಾಗಿ, ತರಕಾರಿ ಮಾರುವವಳಾಗಿ ವೇದಿಕೆ ಏರುವ ಮಕ್ಕಳನ್ನು ಕಂಡು ಸಭಿಕರು ಸಂಭ್ರಮಿಸುತ್ತಾರೆ. ಆದರೆ ಅಮ್ಮ ಬಾಯಿಪಾಠ ಮಾಡಿಸಿದ ಎರಡು ವಾಕ್ಯ ಮರೆತು, ಮೈಕಿನ ಮುಂದೆ ಅಳುವ ಮೂರು ವರ್ಷದ ಕೂಸಿಗೆ ಅದು ಆಟವಾಗಿ ಉಳಿದಿರುವುದಿಲ್ಲ. ಬಹುಮಾನದ ಆಮಿಷವಿಲ್ಲದ ಬಾಲವಾಡಿಯಲ್ಲಿ ವೇಷವೂ ಮಾತೂ ಮಗುವಿನವೇ ಆಗಿದ್ದವು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಸ್ಪರ್ಧೆಗಳು ದೊಡ್ಡ ಮಕ್ಕಳಿಗಿರಲಿ. ಐದು ವರ್ಷದೊಳಗಿನವರಿಗೆ ಸಭಾಗೃಹದ ಒಂದು ಬದಿಯಲ್ಲಿ ಚಾಪೆ ಹಾಸಿ, ತೆಂಗಿನ ಗೆರಟೆ, ಹಳೆಯ ಸೀರೆ, ಸೌಟು, ಖಾಲಿ ಡಬ್ಬಿ, ಕಲಸಿದ ಹಿಟ್ಟು ಇಟ್ಟರೆ ಸಾಕು. ಮಹಿಳಾ ವಿಭಾಗದ ಹಿರಿಯರಿಬ್ಬರು ಜೊತೆಗೆ ಕುಳಿತರೆ ಮಣಿ, ಬೀಜಗಳನ್ನು ಮಕ್ಕಳು ಬಾಯಿಗೆ ಹಾಕದಂತೆ ಕಣ್ಣಿಡಬಹುದು, ದೋಸೆ ಹುಯ್ಯುವ ಆಟಕ್ಕೆ ಗಿರಾಕಿಗಳೂ ಆಗಬಹುದು. ಅಡಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು, ಅದನ್ನೇ ಬಸ್ಸೆಂದು ನಂಬಿ ಬೆಳೆದ ಪೀಳಿಗೆ ಇಂದಿಗೂ ನಮ್ಮ ಸಂಘಗಳಲ್ಲಿದೆ. ಆ ಆಟಗಳ ಜೊತೆ ಅವುಗಳ ಕನ್ನಡವೂ ಮೊಮ್ಮಕ್ಕಳ ನಾಲಗೆಗೆ ಹತ್ತುತ್ತದೆ. ಅಂಗಳವಿಲ್ಲದ ಊರಿನಲ್ಲಿ ಮಗುವಿಗೆ ಒಂದು ಗಂಟೆಯ ಅಂಗಳ ಒದಗಿಸುವುದು ತಾರಾಬಾಯಿ ಮೋಡಕ್ ಅವರಿಗೆ ಸಲ್ಲಿಸಬಹುದಾದ ಯೋಗ್ಯ ಗೌರವ.