ಗ್ರಹಮಾಲೆಯಲ್ಲಿ ಮನುಷ್ಯನ ಸ್ಥಾನ: ಶ್ರೀಮತಿ ಅನಿಬೆಸೆಂಟರ ಜೀವಿತ

ಬೇಸಗೆಯ ಅಮಾವಾಸ್ಯೆಯ ರಾತ್ರಿ ಆಳಂದ ಸೀಮೆಯ ಸರಸಂಬಾ ಗ್ರಾಮದಂತಹ ಊರಿನಲ್ಲಿ ಮಾಳಿಗೆಯ ಮೇಲೆ ಮಲಗಿ ಆಕಾಶವನ್ನು ನೋಡಿದವನಿಗೆ, ಇಷ್ಟೊಂದು ಗೋಲಗಳ ನಡುವೆ ಮನುಷ್ಯನಿರುವುದು ಏತಕ್ಕೆಂಬ ಪ್ರಶ್ನೆಯು ಒಮ್ಮೆಯಾದರೂ ಏಳದಿರಲಾರದು. ಬೆಳಗಾದೊಡನೆ ಕಚೇರಿ, ಪೇಟೆ, ಹೊಲಮನೆಗಳ ಚಿಂತೆಯಲ್ಲಿ ಅದು ಮರೆತುಹೋಗುವುದು. ಮರೆಯದೆ ಅದರ ಬೆನ್ನು ಹತ್ತಿ, ತಾನು ಕಂಡೆನೆಂದು ನಂಬಿದ ಉತ್ತರಕ್ಕಾಗಿ ಹುಟ್ಟಿದ ದೇಶವನ್ನೇ ಬಿಟ್ಟುಬಂದವರು ಶ್ರೀಮತಿ ಅನಿಬೆಸೆಂಟರು. ಅವರ ರಾಜಕಾರಣವನ್ನು ನಮ್ಮ ವಾಚಕರು ಬಲ್ಲರು. ಅದರ ಬೇರು ಗ್ರಹಗಳ ಹುಟ್ಟುಸಾವಿನ ವಿಚಾರದಲ್ಲಿತ್ತೆಂಬುದನ್ನು ಬಲ್ಲವರು ವಿರಳ.

1847ನೆಯ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಜನಿಸಿದ ಇವರು ಇಪ್ಪತ್ತನೆಯ ವಯಸ್ಸಿನಲ್ಲಿ ಒಬ್ಬ ಪಾದ್ರಿಯ ಕೈಹಿಡಿದರು. ಶ್ರದ್ಧೆಯು ಸಡಿಲವಾಗಲು, 1873ರಲ್ಲಿ ಆ ಮನೆಯನ್ನೂ ಬಿಟ್ಟರು. ನಾಸ್ತಿಕ ಧುರೀಣ ಬ್ರಾಡ್ಲಾರ ಜೊತೆಗೂಡಿ ಸಂತಾನನಿಯಂತ್ರಣದ ಪುಸ್ತಕವೊಂದನ್ನು ಪ್ರಕಟಿಸಿ 1877ರಲ್ಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು. ಮರುವರ್ಷ ನ್ಯಾಯಾಲಯವು ಮಗಳನ್ನು ಅವರಿಂದ ಕಸಿದು ತಂದೆಗೊಪ್ಪಿಸಿತು. ತಾಯಿಯೊಬ್ಬಳು ತನ್ನ ಅಭಿಪ್ರಾಯಕ್ಕಾಗಿ ತೆತ್ತ ಈ ಬೆಲೆಯನ್ನು ನೆನೆದರೆ, ಅವರನ್ನು ಚಪಲಚಿತ್ತೆಯೆಂದು ಹಳಿಯುವವರ ಬಾಯಿ ಕಟ್ಟೀತು. ಅನಂತರ ಪ್ರಕೃತಿಶಾಸ್ತ್ರಗಳನ್ನು ಶ್ರಮಪಟ್ಟು ಓದಿದರು. ಪದವಿ ಮಾತ್ರ ಕೈಗೂಡಲಿಲ್ಲ. 1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರಕ್ಕೆ ಬೆಂಬಲವಾಗಿ ನಿಂತರು.

ಶಾಸ್ತ್ರವು ಜಗತ್ತು ಹೇಗೆ ನಡೆಯುವುದೆಂದು ಹೇಳಿತು, ಏತಕ್ಕೆಂದು ಹೇಳಲಿಲ್ಲ. 1889ರಲ್ಲಿ ಪತ್ರಿಕಾಕರ್ತ ಸ್ಟೆಡ್ಡರು ಬ್ಲಾವಾಟ್ಸ್ಕಿಯವರ ರಹಸ್ಯಸಿದ್ಧಾಂತ ಗ್ರಂಥದ ಎರಡು ಹೆಬ್ಬೊತ್ತಿಗೆಗಳನ್ನು ವಿಮರ್ಶೆಗೆಂದು ಕೊಟ್ಟರು. ವಿಮರ್ಶೆಗೆ ಕುಳಿತವರು ಶಿಷ್ಯೆಯಾಗಿ ಎದ್ದರು! ಸಂಪಾದಕರಾದ ನಾವು ಪುಸ್ತಕಗಳನ್ನು ಹಂಚುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆ ಮತದ ಸಾರವಿಷ್ಟು. ಭೂಮಿಯು ಒಂಟಿಯಲ್ಲ, ಏಳು ಗೋಲಗಳ ಮಾಲೆಯಲ್ಲಿ ಅದು ನಾಲ್ಕನೆಯದು, ಎಲ್ಲಕ್ಕಿಂತಲೂ ಜಡವಾದುದು. ಜೀವಪ್ರವಾಹವು ಗೋಲದಿಂದ ಗೋಲಕ್ಕೆ ಹರಿಯುತ್ತ ಇಡೀ ಮಾಲೆಯನ್ನು ಏಳು ಸಲ ಸುತ್ತುವುದು. ಈಗ ನಡೆದಿರುವುದು ನಾಲ್ಕನೆಯ ಸುತ್ತು. ಇದಕ್ಕೂ ಹಿಂದೆ ಚಂದ್ರನ ಮಾಲೆಯೊಂದಿದ್ದು, ಅಲ್ಲಿ ಪಕ್ವವಾಗದೆ ಉಳಿದ ಜೀವಗಳು ಇಲ್ಲಿಗೆ ಬಂದವು. ಜಡದಲ್ಲಿ ಮುಳುಗಿದ ಚೈತನ್ಯವು ತನ್ನನ್ನು ತಾನರಿತು ಮೇಲೇರುವ ತಿರುವಿನಲ್ಲಿ ಮನುಷ್ಯನು ನಿಂತಿರುವನು. ಮುಂದೆ ಹೋದವನು ಹಿಂದಿರುವವರಿಗೆ ಕೈಕೊಡುವುದೇ ಅವನ ಪ್ರಯೋಜನ. 1913ರಲ್ಲಿ ಲೆಡ್ಬೀಟರರೊಡನೆ ಬರೆದ ಗ್ರಂಥದಲ್ಲಿ ಇದೆಲ್ಲವನ್ನೂ ದಿವ್ಯದೃಷ್ಟಿಯಿಂದ ಕಂಡಂತೆ ವಿವರಿಸಿದರು.

ಇದನ್ನು ಒಪ್ಪಬೇಕೆಂದು ನಾವು ಹೇಳಲಾರೆವು. 1969ರಿಂದ ಮೊದಲಾಗಿ ಚಂದ್ರನಿಂದ ತಂದ ಶಿಲೆಗಳ ಪರೀಕ್ಷೆಯು ಬೇರೆ ಕಥೆಯನ್ನು ತಿಳಿಸುವುದು: ಸುಮಾರು 450 ಕೋಟಿ ವರ್ಷಗಳ ಹಿಂದೆ ಎಳೆಯ ಭೂಮಿಗೆ ಮತ್ತೊಂದು ಗೋಲವು ಅಪ್ಪಳಿಸಿ ಸಿಡಿದ ಚೂರುಗಳಿಂದ ಚಂದ್ರನಾಯಿತೆಂಬುದು ಇಂದು ಬಹುಮಾನ್ಯವಾದ ಮತ. ಚಂದ್ರನು ಭೂಮಿಗೆ ಹಿರಿಯನಲ್ಲ, ಅದರಿಂದಲೇ ಹುಟ್ಟಿದವನು. ಮಂಗಳ ಬುಧರು ನಮ್ಮ ಮಾಲೆಗೆ ಸೇರಿದವರೇ ಅಲ್ಲವೇ ಎಂಬ ವಿಷಯದಲ್ಲಂತೂ ಬ್ಲಾವಾಟ್ಸ್ಕಿಯವರಿಗೂ ಸಿನೆಟ್ಟರಿಗೂ ವಾದವೆದ್ದು, ಬೆಸೆಂಟರು ಮೊದಲು ಒಂದು ಕಡೆಗೂ ಆಮೇಲೆ ಇನ್ನೊಂದು ಕಡೆಗೂ ವಾಲಿದರು. ಕಣ್ಣಾರೆ ಕಂಡ ವಸ್ತುವಿನಲ್ಲಿ ಈ ಭೇದವೇಕೆ? ಮಾನವಕುಲವನ್ನು ಮೂಲಜನಾಂಗಗಳ ಮೆಟ್ಟಿಲುಗಳನ್ನಾಗಿ ಜೋಡಿಸಿದ ಭಾಗವು ಇನ್ನೂ ಕೆಟ್ಟದ್ದು. ಅಂತಹ ಏಣಿಗಳ ಫಲವನ್ನು ಇಪ್ಪತ್ತನೆಯ ಶತಮಾನವು ಉಂಡಿದೆ.

ಆದರೂ ಆ ಮತವನ್ನು ನಂಬಿ ಅವರು ಮಾಡಿದ ಕೆಲಸವು ಏಣಿಯ ತುದಿಯಲ್ಲಿ ಕುಳಿತವರ ಕೆಲಸವಾಗಿರಲಿಲ್ಲ. ಜಗತ್ತಿನ ವಿಕಾಸದಲ್ಲಿ ಭಾರತಕ್ಕೆ ವಿಶೇಷ ಕರ್ತವ್ಯವುಂಟೆಂದೂ, ಪರತಂತ್ರ ದೇಶವು ಅದನ್ನು ನೆರವೇರಿಸಲಾರದೆಂದೂ ಅವರು ಬಗೆದರು. 1893ರಲ್ಲಿ ಭಾರತಕ್ಕೆ ಬಂದು, 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿ, 1907ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷರಾದರು. 1914ರಲ್ಲಿ ನ್ಯೂ ಇಂಡಿಯಾ ಪತ್ರಿಕೆಯನ್ನು ಕೈಗೊಂಡರು. ಸರ್ಕಾರವು 2,000 ರೂಪಾಯಿ ಜಾಮೀನು ಕೇಳಿ ಅದನ್ನು ಮುಟ್ಟುಗೋಲು ಹಾಕಿಕೊಂಡು, ಮತ್ತೆ 10,000 ಕೇಳಿತು. ಅದನ್ನೂ ಕಟ್ಟಿ ಪತ್ರಿಕೆಯನ್ನು ನಡೆಸಿದರು. 1916ರಲ್ಲಿ ಹೋಂರೂಲ್ ಲೀಗನ್ನು ಕಟ್ಟಿದರು. 1917ರ ಜೂನಿನಲ್ಲಿ ವಾಡಿಯಾ ಮತ್ತು ಅರುಂಡೇಲರೊಡನೆ ನಿರ್ಬಂಧಕ್ಕೊಳಗಾಗಿ, ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿ, ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದಾಗ ವಯಸ್ಸು ಎಪ್ಪತ್ತು ದಾಟಿತ್ತು. ಗಾಂಧೀಜಿಯವರ ಸತ್ಯಾಗ್ರಹವನ್ನು ಒಪ್ಪದೆ ಬಹುಬೇಗನೆ ಜನಾದರವನ್ನು ಕಳೆದುಕೊಂಡರು. ಜಗದ್ಗುರುವೆಂದು ತಾವೇ ಸಾರಿದ್ದ ಕೃಷ್ಣಮೂರ್ತಿಯವರು 1929ರಲ್ಲಿ ಆ ಪೀಠವನ್ನೇ ನಿರಾಕರಿಸಿ ತಮ್ಮ ಸಂಘವನ್ನು ವಿಸರ್ಜಿಸಿದರು. 1933ನೆಯ ಸೆಪ್ಟೆಂಬರ್ 20ರಂದು ಅಡೆಯಾರಿನಲ್ಲಿ ಬೆಸೆಂಟರು ಕಾಲವಾದರು.

ಕನ್ನಡನಾಡಿಗೆ ಅವರಿಂದ ಬಂದ ಋಣವು ಎರಡು ಬಗೆಯದು. ಸೆರೆಯ ಸಂಗಾತಿ ವಾಡಿಯಾ ಅವರು 1922ರಲ್ಲಿ ಸೊಸೈಟಿಯನ್ನು ತೊರೆದು, 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಬಸವನಗುಡಿಯಲ್ಲಿ, ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಕರೆಗೆ ಓಗೊಟ್ಟು 1917ರಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿತ್ತು. ಗೌರಿಬಿದನೂರು ಸೀಮೆಯ ಬಡಹುಡುಗನೊಬ್ಬನು 1935ರಲ್ಲಿ ಅಲ್ಲಿಗೆ ಓದಲು ಬಂದನು. ಆತನೇ ಮುಂದೆ ಡಾ. ಎಚ್. ನರಸಿಂಹಯ್ಯನವರಾಗಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆಂದೇ ಒಂದು ಸಮಿತಿಯನ್ನು ನೇಮಿಸಿದರು.